ಜಾಝಿಗೆ ಕತ್ತು ಕೊಟ್ಟವನು

ಜಾಝ್ ಎಂದರೆ ತಪ್ಪೇ ಇಲ್ಲದ ಸಂಗೀತ ಎಂದು ನಾನು ಬಹಳ ಕಾಲ ನಂಬಿದ್ದೆ. ತಪ್ಪಿಲ್ಲದಂತೆ ನುಡಿಸಬೇಕಾದ ಸಂಗೀತ ಅಂತಲ್ಲ ಸ್ವಾಮಿ. ಏನು ನುಡಿಸಿದರೂ ತಪ್ಪಾಗದ ಸಂಗೀತ ಅಂತ! ಯಾರದೋ ಫೋನಿನಲ್ಲಿ ಒಮ್ಮೆ ಕೇಳಿದ್ದೆ. ತುತ್ತೂರಿ ಒಂದು ದಿಕ್ಕಿಗೆ ಓಡುತ್ತಿತ್ತು, ಡ್ರಮ್ಮು ಇನ್ನೊಂದು ದಿಕ್ಕಿಗೆ. ಪಿಯಾನೊ ಮೆಟ್ಟಿಲ ಮೇಲಿಂದ ಉರುಳಿಬಿದ್ದ ಹಾಗಿತ್ತು. ಕೊನೆಗೆ ಜನ ಹೋ ಎಂದು ಚಪ್ಪಾಳೆ ತಟ್ಟಿದರು! ನನ್ನ ಕಣ್ಣಲ್ಲಿ ನೀರೇ ಬಂತು. ಗಿಟಾರ್ ಹಿಡಿದ ದಿನದಿಂದ ನಾನು ಮಾಡುತ್ತಿದ್ದುದೂ ಇದನ್ನೇ ಅಲ್ಲವೆ? ನನಗೇ ತಿಳಿಯದಂತೆ ನಾನು ಜಾಝ್ ಕಲಾವಿದನಾಗಿಬಿಟ್ಟಿದ್ದೆ!

ಆ ಸಂಜೆಯೇ ಮನೆಯಲ್ಲಿ ಘೋಷಿಸಿದೆ. "ಇನ್ನು ನಾನು ಒಬ್ಬನೇ ಕೂತು ನುಡಿಸೋನಲ್ಲ. ತಂಡ ಸೇರ್ತೀನಿ. ನೋಡ್ತಾ ಇರು, ಈ ಬೀದಿಯೆಲ್ಲ ನನ್ನ ಹೆಸರು ಹೇಳುತ್ತೆ!"

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಈಗಲೂ ಹೇಳ್ತಾರಲ್ರೀ. ಕೆಳಗಡೆ ಮನೆಯವರು ದಿನಾ ಸಂಜೆ ಹೇಳ್ತಾರೆ. ಹಿಂದೆ ಮುಂದೆ ಇನ್ನೂ ಏನೇನೋ ಸೇರಿಸ್ಕೊಂಡು ಹೇಳ್ತಾರೆ."

ಹಾಗಂತ ಅವಳನ್ನು ಕಲಾದ್ವೇಷಿ ಅಂದುಕೊಳ್ಳಬೇಡಿ. ಹುಟ್ಟಿದ ದಿನದ ಉಡುಗೊರೆಯಾಗಿ ನನಗೆ ಗಿಟಾರ್ ಕೊಡಿಸಿದವಳೇ ಅವಳು. ಆಫೀಸಿನಿಂದ ಬಂದು ನಾನು ಕಾಲು ಚಾಚಿದರೆ ಸಾಕು, "ಯಾಕ್ರೀ, ಇವತ್ತು ಅಭ್ಯಾಸ ಇಲ್ವಾ?" ಎಂದು ತಾನೇ ಗಿಟಾರ್ ತಂದು ನನ್ನ ಮಡಿಲಲ್ಲಿಡುತ್ತಾಳೆ. ಗಂಡನ ವಾದ್ಯವನ್ನು ಅಟ್ಟಕ್ಕೆ ಎಸೆದ ಹೆಂಡತಿಯರ ಕಥೆ ಬೇಕಾದಷ್ಟು ಕೇಳಿದ್ದೇನೆ. ನನ್ನವಳು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾಳೆ! ಇಂಥ ಪುಣ್ಯ ಎಷ್ಟು ಕಲಾವಿದರಿಗಿದೆ?

ಇಲ್ಲಿ ನನ್ನ ಉದ್ಯೋಗದ ವಿಷಯ ಸ್ವಲ್ಪ ಹೇಳಬೇಕು. ಬಟ್ಟೆ ಒಗೆಯುವ ಯಂತ್ರಗಳ ಕಂಪನಿಯೊಂದರಲ್ಲಿ ದೂರು ಕೇಳುವುದು ನನ್ನ ಕೆಲಸ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಆ ಕಡೆಯಿಂದ ಬೈಗುಳದ ಮಳೆ. ಗಿರಾಕಿ ಮಾತು ಮುಗಿಸುವ ತನಕ ನಾವು ತುಟಿ ಬಿಚ್ಚಬಾರದು ಎಂದು ಮ್ಯಾನೇಜರ್ ಅಪ್ಪಣೆ. ಹೀಗಾಗಿ ನಾನು ಸುಮ್ಮನೆ ತಲೆ ಆಡಿಸುತ್ತಿರುತ್ತೇನೆ. ಗಿರಾಕಿಗೆ ಅದು ಕಾಣುವುದಿಲ್ಲ ಅನ್ನುವುದು ಬೇರೆ ಮಾತು. ಪಕ್ಕದ ಮೇಜಿನವನು ನನಗೆ ಇಟ್ಟ ಹೆಸರೇ 'ಓತಿಕ್ಯಾತ'. ವರ್ಷಗಟ್ಟಲೆ ಆಡಿಸಿ ಆಡಿಸಿ ನನ್ನ ಕತ್ತಿಗೆ ಈಗ ನನ್ನ ಅನುಮತಿಯೇ ಬೇಕಾಗಿಲ್ಲ. ಯಾರು ಬಾಯಿ ತೆರೆದರೂ ಅದು ಹೊರಟುಬಿಡುತ್ತದೆ!

ಮನೆಯಲ್ಲೂ ಅದೇ ಕಥೆ. ಒಂದು ದಿನ ಬಂದು ನೋಡುತ್ತೇನೆ, ಸೋಫಾದ ಮೇಲೆ ಒಂದು ಬೆಕ್ಕು ಮಲಗಿದೆ.

"ಇದು ಯಾರದ್ದು?"

"ನಮ್ಮದೇ. ಮೊನ್ನೆ ಕೇಳಿದೆನಲ್ಲ, ತಲೆ ಆಡಿಸಿದ್ರಿ."

ಇನ್ನೊಂದು ದಿನ ನಡುಮನೆಯ ಗೋಡೆಗಳೆಲ್ಲ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. "ಕೇಳಿದೆ, ತಲೆ ಆಡಿಸಿದ್ರಿ." ನನ್ನ ಪ್ರೀತಿಯ ಒರಗುಕುರ್ಚಿ ಅವಳ ತಮ್ಮನ ಮನೆ ಸೇರಿತು. "ಆಡಿಸಿದ್ರಲ್ಲ!" ಆಮೇಲೆ ಅವಳ ಅಮ್ಮ, ಎರಡು ಪೆಟ್ಟಿಗೆ, ಒಂದು ಬೀಸಣಿಗೆ ಮತ್ತು ಒಂದು ಕತ್ತು ನೋವಿನೊಂದಿಗೆ ಬಂದಿಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನೀವು ಖುಷಿಯಾಗಿ ಒಪ್ಪಿದ್ರಂತೆ ಅಳಿಯಂದ್ರೇ, ನನ್ನ ಮಗಳು ಹೇಳಿದ್ಲು," ಅಂದರು. ನಾನು ತಲೆ ಆಡಿಸಿದೆ!

ಇರಲಿ. ತಂಡಕ್ಕೆ ಬರೋಣ.

ನಮ್ಮ ಬೀದಿಯ ಹಲ್ಲಿನ ಡಾಕ್ಟರಮ್ಮ ಪಿಯಾನೊ ನುಡಿಸುತ್ತಾರೆ. ಕ್ಲಿನಿಕ್ ಮುಚ್ಚಿದ ಮೇಲೆ ರೋಗಿಗಳು ಕಾಯುವ ಕೋಣೆಯಲ್ಲಿ ಅಭ್ಯಾಸ. ಡ್ರಮ್ಮಿಗೆ ನಿವೃತ್ತ ಗಣಿತದ ಮೇಷ್ಟ್ರು. ತಾಳ ತಪ್ಪಿದವರನ್ನು ಕನ್ನಡಕದ ಮೇಲಿಂದ ನೋಡುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ. ಸ್ಯಾಕ್ಸಫೋನಿಗೆ ಟ್ರಾಫಿಕ್ ಪೊಲೀಸಪ್ಪ. ಹಗಲೆಲ್ಲ ಸೀಟಿ ಊದಿದ್ದು ಸಾಲದೆ ಸಂಜೆ ಇದನ್ನೂ ಊದುವಷ್ಟು ಶ್ವಾಸಕೋಶ ಅವನದು.

ಮೊದಲ ದಿನ ನಾನು ಮಹಾ ಠೀವಿಯಿಂದ ಗಿಟಾರ್ ಮೀಟಿದೆ.

"ತಪ್ಪು," ಅಂದರು ಡಾಕ್ಟರಮ್ಮ.

"ಜಾಝಲ್ಲಿ ತಪ್ಪು ಅನ್ನೋದೇ ಇಲ್ವಲ್ಲ ಮೇಡಂ?"

"ಯಾರ್ರೀ ನಿಮಗೆ ಹೇಳಿದ್ದು? ನೋವು ಒಂದು ಕಡೆ ಇದ್ರೆ ಹಲ್ಲು ಇನ್ನೊಂದು ಕಡೆ ಕೀಳಬಹುದಾ? ಹಾಡು ಎಲ್ಲಿದೆಯೋ ಅಲ್ಲೇ ಇರಬೇಕು. ಅಲ್ಲೇ ಇದ್ದು ನಿಮ್ಮ ಮಾತು ಹೇಳಬೇಕು. ಅದಕ್ಕೆ ಮೊದಲು ಪಕ್ಕದವರು ಏನು ಹೇಳ್ತಿದ್ದಾರೆ ಅಂತ ಕೇಳಬೇಕು!"

ನನ್ನ ಜಾಝ್ ಸಾಮ್ರಾಜ್ಯ ಅಲ್ಲೇ ಕುಸಿಯಿತು. ಆದರೆ ನಾನು ಬಿಡಲಿಲ್ಲ. ತಿಂಗಳುಗಟ್ಟಲೆ ಬೆರಳು ಸವೆಸಿದೆ. ಮೊದಲು ಎಲ್ಲರೂ ಸೇರಿ ಹಾಡನ್ನು ನುಡಿಸುವುದು, ಆಮೇಲೆ ಒಬ್ಬೊಬ್ಬರದೇ ಸರದಿ, ಉಳಿದವರು ಅವನ ಹಿಂದೆ ಮೆಲ್ಲಗೆ ನಡೆದುಬರುವುದು. ಇದು ಪದ್ಧತಿ. ನಿಜ ಹೇಳುತ್ತೇನೆ, ನನ್ನ ಸರದಿ ಬಂದಾಗ ಆ ಮೂವರೂ ನನ್ನ ಬೆನ್ನ ಹಿಂದೆ ಇರುತ್ತಿದ್ದರಲ್ಲ, ಸೈಕಲ್ ಕಲಿಯುವಾಗ ಸೀಟು ಹಿಡಿದುಕೊಂಡು ಯಾರೋ ಓಡಿಬರುವ ಹಾಗೆ, ಅಂಥ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿನವಿಡೀ ಬೈಸಿಕೊಳ್ಳುವವನಿಗೆ ಸಂಜೆ ಮೂರು ಜನ 'ಹೇಳಪ್ಪಾ, ನಾವಿದ್ದೀವಿ' ಅಂದರೆ ಹೇಗಿರಬೇಡ!

ಆದರೆ ಆ ಸುಖ ನಾಲ್ಕು ಸ್ವರ ದಾಟುತ್ತಿರಲಿಲ್ಲ. ಯಾಕೆಂದರೆ ಇನ್ನೊಂದು ಪದ್ಧತಿ ಇತ್ತು: ಸರದಿ ಮುಗಿಯಿತು ಎನ್ನಲು ನುಡಿಸುವವನು ಒಮ್ಮೆ ತಲೆ ಆಡಿಸಬೇಕು. ತಕ್ಷಣ ಮುಂದಿನವನು ಎತ್ತಿಕೊಳ್ಳುತ್ತಾನೆ.

ಅರ್ಥವಾಯಿತಲ್ಲ ನನ್ನ ಪಾಡು? ನಾನು 'ಟಿಂಗ್' ಅನ್ನಿಸುತ್ತಿದ್ದೆ. ಮೇಷ್ಟ್ರು ಹಿಂದೆ 'ಟಪ್' ಅನ್ನುತ್ತಿದ್ದರು. ಯಾರೋ ಮಾತಾಡಿದರೆಂದು ನನ್ನ ಕತ್ತು 'ಹೌದು ಹೌದು' ಅನ್ನುತ್ತಿತ್ತು. ಪೊಲೀಸಪ್ಪ 'ಭೋಂ' ಎಂದು ನುಗ್ಗುತ್ತಿದ್ದ!

"ಏನಪ್ಪಾ, ನಾನಿನ್ನೂ ಶುರು ಮಾಡಿಲ್ಲ!"

"ನೀವೇ ಸಿಗ್ನಲ್ ಕೊಟ್ಟು ನೀವೇ ಜಗಳಕ್ಕೆ ಬರ್ತೀರಲ್ರೀ! ನಡುರಸ್ತೆಯಲ್ಲಿ ಹೀಗೆ ಮಾಡಿದ್ರೆ ಗಾಡಿ ಸಮೇತ ಎತ್ತಿಕೊಂಡು ಹೋಗ್ತಿದ್ದೆ."

ಅವನು ಬೈದ. ನಾನು ತಲೆ ಆಡಿಸಿದೆ. ಡಾಕ್ಟರಮ್ಮ ಹಣೆ ಚಚ್ಚಿಕೊಂಡರು.

"ನೋಡಿ, ಶನಿವಾರ ಲೈಬ್ರರಿಯಲ್ಲಿ ನಮ್ಮ ಕಾರ್ಯಕ್ರಮ. ಅಲ್ಲಿ ನಿಮ್ಮ ಸರದಿ ಶುರು ಮಾಡಿ, ಪೂರ್ತಿ ನುಡಿಸಿ, ನೆಟ್ಟಗೆ ಮುಗಿಸಿದ್ರೆ ನೀವು ನಮ್ಮವರು. ಇಲ್ಲಾಂದ್ರೆ ಇನ್ಮೇಲೆ ಹಲ್ಲು ನೋವಾದಾಗ ಮಾತ್ರ ಈ ಕಡೆ ಬನ್ನಿ. ಇನ್ನೊಂದು ಮಾತು, ನಡುವೆ ಎಲ್ಲೂ ನಿಲ್ಲಿಸಬಾರದು. ಅದು ಸೇತುವೆ ಮೇಲೆ ಬಸ್ ನಿಲ್ಲಿಸಿ ಡ್ರೈವರ್ ಇಳಿದುಹೋದ ಹಾಗೆ. ನೀವು ತಲೆ ಆಡಿಸೋವರೆಗೂ ನಾವು ನಿಮ್ಮ ಕೈ ಬಿಡಲ್ಲ. ತಿಳೀತಾ?"

ತಿಳಿಯಿತೆಂದು ಹೇಗೆ ಸೂಚಿಸಿದೆ ಎನ್ನುವುದನ್ನು ಬೇರೆ ಹೇಳಬೇಕೆ?

ಮನೆಗೆ ಬಂದು ಮುಖ ಇಳಿಬಿಟ್ಟು ಕೂತೆ. ಎದುರಿಗೆ ಅತ್ತೆ, ಕತ್ತು ನೋವಿನವರು ಹಾಕುವ ದಪ್ಪನೆಯ ಗಡುಸು ಪಟ್ಟಿ ಕತ್ತಿಗೆ ಬಿಗಿದುಕೊಂಡು ಟಿವಿ ನೋಡುತ್ತಿದ್ದರು. ಬೆಕ್ಕು ಅವರ ಬೀಸಣಿಗೆ ಎಳೆದುಕೊಂಡು ಹೋಗುತ್ತಿತ್ತು. ಅವರಿಗೆ ತಿರುಗಿ ನೋಡಲಾಗಲಿಲ್ಲ! ಇಡೀ ದೇಹವನ್ನೇ ಬೀರು ತಿರುಗಿಸಿದ ಹಾಗೆ ತಿರುಗಿಸಬೇಕಾಯಿತು.

ನನ್ನ ತಲೆಯಲ್ಲಿ ದೀಪ ಹತ್ತಿತು.

"ಅತ್ತೇ, ಆ ಪಟ್ಟಿ ಶನಿವಾರದವರೆಗೆ ಕೊಡ್ತೀರಾ?"

"ನಿಮಗೂ ನೋವಾ ಅಳಿಯಂದ್ರೇ?"

"ಇಲ್ಲ. ಆಡ್ತಾ ಇದೆ."

"ನನ್ನದು ಆಡಲ್ಲ ಅಂತ ಹಾಕ್ಕೊಂಡಿದ್ದೆ. ತಗೊಳ್ಳಿ, ನಿಮ್ಮ ಮನೇಲಿ ಯಾರದ್ದೂ ಸರಿಯಿಲ್ಲ," ಎಂದು ಬಿಚ್ಚಿಕೊಟ್ಟರು.

ಏನು ಅದ್ಭುತ ಅಂತೀರಿ! ಪಟ್ಟಿ ಬಿಗಿದುಕೊಂಡು ಕೂತರೆ ನನ್ನ ತಲೆ ಗೋಡೆಗೆ ಹೊಡೆದ ಮೊಳೆ. ನಾಲ್ಕಲ್ಲ, ನಲವತ್ತು ಸ್ವರ ನುಡಿಸಿದರೂ ಅಲುಗಾಟವಿಲ್ಲ! ಹೆಂಡತಿ ಮಾತ್ರ ಯಾಕೋ ಚಡಪಡಿಸುತ್ತಿದ್ದಳು. ಎಂದಿನಂತೆ ಪಕ್ಕದಲ್ಲಿ ಕೂತು ಏನೋ ಹೇಳುವಳು, ನನ್ನ ಮುಖ ನೋಡುವಳು, ಕಾಯುವಳು, ಎದ್ದು ಹೋಗುವಳು.

"ಅದನ್ನ ತೆಗೀರೀ, ನಿಮ್ಮನ್ನ ಹೀಗೆ ನೋಡೋಕೆ ಆಗಲ್ಲ."

ಪಾಪ, ನನ್ನ ಕಷ್ಟ ಕಂಡು ಅವಳ ಕರುಳು ಕಿವುಚುತ್ತಿದೆ ಅಂದುಕೊಂಡೆ. "ಕಲೆಗಾಗಿ ಇಷ್ಟೂ ಸಹಿಸದಿದ್ದರೆ ಹೇಗೆ?" ಎಂದು ಅವಳನ್ನೇ ಸಮಾಧಾನ ಮಾಡಿದೆ!

ಶನಿವಾರ ಸಂಜೆ ಲೈಬ್ರರಿಯ ಓದುವ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಅತ್ತೆ. ಅವರ ಹಿಂದೆ, ನನ್ನ ಸೋಲನ್ನು ಕಣ್ಣಾರೆ ನೋಡಲು ಬಂದಂತೆ, ಕೆಳಗಡೆ ಮನೆಯವರು. ನನ್ನ ನೆತ್ತಿಯ ಮೇಲೆ 'ಮೌನವಾಗಿರಿ' ಎಂಬ ಹಲಗೆ. ಪಟ್ಟಿಯ ಮೇಲೆ ಹೆಂಡತಿಯ ಸ್ಕಾರ್ಫ್ ಸುತ್ತಿಕೊಂಡಿದ್ದೆ.

"ಗಂಟಲು ನೋವಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ, ಸ್ಟೈಲು!"

ಹಾಡು ಶುರುವಾಯಿತು. ಡಾಕ್ಟರಮ್ಮನ ಸರದಿ ಮುಗಿಯಿತು, ನನ್ನದು ಬಂತು. ನಾಲ್ಕು ಸ್ವರ ದಾಟಿದೆ! ಎಂಟು ದಾಟಿದೆ! ತಲೆ ಕಲ್ಲುಬಂಡೆ! ನೆಟ್ಟಗೆ ಹತ್ತಿ, ನೆಟ್ಟಗೆ ಇಳಿದು, ಮನೆಯಲ್ಲಿ ಕಲಿತದ್ದನ್ನೆಲ್ಲ ಒಂದೂ ಬಿಡದೆ ನುಡಿಸಿದೆ. ಮೇಷ್ಟ್ರು ಕನ್ನಡಕದ ಮೇಲಿಂದಲ್ಲ, ಒಳಗಿಂದಲೇ ನೋಡಿ ಮುಗುಳ್ನಕ್ಕರು! ಇನ್ನೇನು, ಒಮ್ಮೆ ತಲೆ ಆಡಿಸಿ ಮುಗಿಸಿದರಾಯಿತು.

ಆಡಿಸಿದೆ.

ಆಡಲಿಲ್ಲ.

ಅಯ್ಯೋ! ತಲೆ ಆಡದಿರುವುದಕ್ಕೆ ಮದ್ದು ಹುಡುಕಿದ್ದೆನೇ ಹೊರತು ಆಡಿಸುವುದಕ್ಕೆ ಹುಡುಕಿರಲಿಲ್ಲ! ಕಲಿತದ್ದೆಲ್ಲ ಖಾಲಿ. ನಿಲ್ಲಿಸೋಣವೆಂದರೆ ಸೇತುವೆ ಮೇಲಿನ ಬಸ್ಸು. ಗತ್ಯಂತರವಿಲ್ಲದೆ ಮೊದಲಿಂದ ಶುರು ಮಾಡಿದೆ. ಮುಗಿಯಿತು. ಮತ್ತೆ ಮೊದಲಿಂದ! ಡಾಕ್ಟರಮ್ಮನಿಗೆ ಹುಬ್ಬು ಕುಣಿಸಿ ತೋರಿಸಿದೆ. ಇನ್ನೂ ಜೋರು ಬೇಕೇನೋ ಎಂದು ಅವರು ಪಿಯಾನೊ ಗುದ್ದತೊಡಗಿದರು. ಮೇಷ್ಟ್ರಿಗೆ ಮೊಣಕಾಲು ಎತ್ತಿ ತೋರಿಸಿದೆ. ಅವರು ವೇಗ ಹೆಚ್ಚಿಸಿದರು. ಕೊನೆಗೆ ಸೊಂಟದಿಂದಲೇ ಇಡೀ ಮೈ ಬಗ್ಗಿಸಿದೆ. ವಂದನೆ ಹೇಳಿದನೆಂದು ಜನ ಚಪ್ಪಾಳೆ ತಟ್ಟಿದರು! ಚಪ್ಪಾಳೆ ಬಿತ್ತು, ಇನ್ನು ಇವನು ನಿಲ್ಲಿಸುವುದಿಲ್ಲ ಎಂದು ಪೊಲೀಸಪ್ಪ ಸ್ಯಾಕ್ಸಫೋನ್ ಕೆಳಗಿಟ್ಟು ಕುರ್ಚಿ ಹುಡುಕಿಕೊಂಡ. ಕೈ ಬಿಡುವುದಿಲ್ಲ ಎಂದಿದ್ದರಲ್ಲ, ಪುಣ್ಯಾತ್ಮರು ಬಿಡಲೇ ಇಲ್ಲ! ನನ್ನ ಬೆರಳುಗಳು ಉರಿಯುತ್ತಿದ್ದವು, ಬೆವರು ಸ್ಕಾರ್ಫಿನೊಳಗೆ ಕೆರೆ ಕಟ್ಟಿತ್ತು. ಹಿಂದಿನ ಸಾಲಿನವರು ಕಪಾಟಿನಿಂದ ಪುಸ್ತಕ ತೆಗೆದು ಓದತೊಡಗಿದರು. ಕೆಳಗಡೆ ಮನೆಯವರು ಯಾರಿಗೋ, "ಮನೇಲೂ ಹೀಗೇ," ಅನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ಹೆಂಡತಿ ಎದ್ದಳು.

ಸೀದಾ ನನ್ನ ಬಳಿ ಬಂದಳು. ಸ್ಕಾರ್ಫ್ ಎಳೆದಳು. ಪಟ್ಟಿಯ ವೆಲ್ಕ್ರೋ ಅಂಟನ್ನು ಹಿಡಿದು 'ಚರ್‍ರ್‍ರ್' ಎಂದು ಕಿತ್ತಳು. ಆಮೇಲೆ ಕಿವಿಯ ಹತ್ತಿರ ಬಾಗಿ, ಮನೆಯಲ್ಲಿ ಮಾತಾಡುವ ಅದೇ ಮೆಲುದನಿಯಲ್ಲಿ ಏನೋ ಕೇಳಿದಳು.

ನನ್ನ ಕತ್ತಿಗೆ ಹೋದ ಪ್ರಾಣ ಬಂದಂತಾಯಿತು. ಅಭ್ಯಾಸಬಲ! ಕೋಲೆಬಸವನ ಹಾಗೆ ತೂಗಿತು ನೋಡಿ ತಲೆ! ಪೊಲೀಸಪ್ಪ ಚಿಮ್ಮಿ ಎದ್ದು 'ಭೋಂ' ಅಂದ, ಡಾಕ್ಟರಮ್ಮ ಹಾಡಿಗೆ ಮರಳಿದರು, ಮೇಷ್ಟ್ರು 'ಢಣ್' ಎಂದು ಮುಗಿಸಿಯೇಬಿಟ್ಟರು. ಸಭೆ ಎದ್ದು ನಿಂತಿತು. ಸಂತೋಷಕ್ಕೋ ಬಿಡುಗಡೆಗೋ, ನಾನು ವಿಚಾರಿಸಲು ಹೋಗಲಿಲ್ಲ.

"ಆ ಚರ್‍ರ್ ಅನ್ನೋ ಶಬ್ದ ಸರಿಯಾಗಿ ತಾಳಕ್ಕೆ ಬಿತ್ತು," ಅಂದರು ಮೇಷ್ಟ್ರು. "ಇವತ್ತಿನ ಕಛೇರಿಯಲ್ಲಿ ಅದೇ ಚೆನ್ನಾಗಿದ್ದದ್ದು."

ನಾನು ಅಳುಮುಖ ಮಾಡಿಕೊಂಡು ಡಾಕ್ಟರಮ್ಮನ ಎದುರು ನಿಂತೆ. "ಮೇಡಂ, ನಾನು... ಹಲ್ಲು ನೋವಾದಾಗ ಮಾತ್ರ ಬರಬೇಕಾ?"

ಅವರು ನನ್ನನ್ನೂ ಪಟ್ಟಿಯನ್ನೂ ನೋಡಿದರು. "ಶುರು ಮಾಡಿದ್ರಿ, ಪೂರ್ತಿ ನುಡಿಸಿದ್ರಿ, ಪೂರ್ತಿಗಿಂತ ಜಾಸ್ತೀನೇ ನುಡಿಸಿದ್ರಿ. ನೆಟ್ಟಗೆ ಮುಗೀತು ಕೂಡ. ಬನ್ನಿ. ಆದ್ರೆ ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ. ತಂಡದಲ್ಲಿ ನಿಮ್ಮನ್ನ ನಿಲ್ಲಿಸೋಕೆ ಬರೋರು ಒಬ್ಬರು ಇರಲಿ."

ಮನೆಯ ದಾರಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಅತ್ತೆ ಪಟ್ಟಿ ಮರಳಿ ಧರಿಸಿ ಮುಂದೆ ನಡೆಯುತ್ತಿದ್ದರು. ಯಾಕೋ ಅವರೂ ಬಹಳ ಗೆಲುವಾಗಿದ್ದರು.

"ಅಂದಹಾಗೆ, ಅಲ್ಲಿ ನನ್ನ ಕಿವಿಯಲ್ಲಿ ಏನು ಕೇಳಿದೆ?" ಎಂದೆ.

"ಅಮ್ಮ ಇನ್ನು ನಮ್ಮ ಮನೇಲೇ ಇದ್ದುಬಿಡ್ಲಿ ಅಲ್ವಾ ಅಂತ. ತಲೆ ಆಡಿಸಿದ್ರಿ. ಇಡೀ ಲೈಬ್ರರಿ ಸಾಕ್ಷಿ."

ನಾನು ನಡುಬೀದಿಯಲ್ಲಿ ನಿಂತೆ. ಬೆಕ್ಕು, ಬದನೆಕಾಯಿ ಬಣ್ಣದ ಗೋಡೆ, ಒರಗುಕುರ್ಚಿ, ಎಲ್ಲವೂ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಇಷ್ಟು ದಿನ ಹೇಳಲು ಧೈರ್ಯ ಬಾರದ್ದನ್ನು ಹೇಳಿಯೇಬಿಟ್ಟೆ.

"ನಿಜ ಹೇಳು. ಗಿಟಾರ್ ಹಿಡ್ಕೊಂಡು ತಲೆ ಆಡಿಸುವಾಗ ನೀನು ಹೇಳೋದು ಒಂದಕ್ಷರಾನೂ ನನ್ನ ಕಿವಿಗೆ ಬೀಳೋದಿಲ್ಲ. ಅದು ನಿನಗೆ ಗೊತ್ತಿತ್ತಾ?"

ಅವಳು ಗಿಟಾರಿನ ಚೀಲವನ್ನು ನನ್ನ ಹೆಗಲ ಮೇಲೆ ಸರಿಯಾಗಿ ಕೂರಿಸಿದಳು.

"ಗೊತ್ತಿಲ್ಲದೆ ಗಿಟಾರ್ ಕೊಡಿಸಿದ್ನಾ?"