ಮುಂದಿನ ಸಾಲಿನ ಶವಾಸನ

ಯಾರಾದರೂ "ಪುಕ್ಕಟೆ" ಅಂದರೆ ಸಾಕು, ನನ್ನ ಕೈ ತಾನಾಗಿ ಜೇಬಿನ ಮೇಲೆ ಹೋಗುತ್ತದೆ. ಹೀಗಾಗಿ, ಅಂಬಾಜಿದುರ್ಗದ ಬುಡದಲ್ಲಿರುವ ನಮ್ಮೂರಿನ ಸಮುದಾಯ ಭವನದಲ್ಲಿ ಊರಾಚೆಯ ದಲಿತರ ಕಾಲೋನಿಯ ಹುಡುಗಿ ಗೌತಮಿ ಪುಕ್ಕಟೆ ಯೋಗ ಹೇಳಿಕೊಡುತ್ತಾಳೆಂದು ಕೇಳಿದಾಗ, ಇದರೊಳಗೆ ಏನೋ ಇದೆ ಎಂದು ಮನೆಯಲ್ಲಿ ಘೋಷಿಸಿದೆ. ತೂಕ ಇಳಿಸುವ ಪುಡಿ ಮಾರುತ್ತಾಳೆ, ಇಲ್ಲವೇ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾಳೆ. ಬಾಗಿಲಿಗೆ ಬೇರೆ "ಆರೋಗ್ಯಕ್ಕೆ, ಸಮಾನತೆಗೆ ಯೋಗ" ಎಂಬ ಬ್ಯಾನರ್! ಆರೋಗ್ಯ ಸರಿ. ಬೆನ್ನು ಬಗ್ಗಿಸುವ ಜಾಗದಲ್ಲಿ ಸಮಾನತೆಗೇನು ಕೆಲಸ?

ಆದರೆ ನನ್ನ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ. ಚಪ್ಪಲಿ ಹಾಕಿಕೊಳ್ಳಲೂ ಬಗ್ಗಲಾಗದ ಸ್ಥಿತಿ. ಚಿಂತಾಮಣಿಯ ಡಾಕ್ಟರು, ಯೋಗ ಮಾಡಿ ನೋಡಿ, ಆಗದಿದ್ದರೆ ಆಪರೇಷನ್ ಎಂದರು. ಹೆಸರು ಕೇಳಿಯೇ ನನಗೆ ಜ್ವರ ಬಂತು. ಹೆಂಡತಿ ಚಾಪೆ ಸುತ್ತಿ ಕೈಗೆ ಕೊಟ್ಟು ತಾನೂ ಹೊರಟಳು.

ಗೌಡರ ಮನೆಯವನೆಂಬ ಮರ್ಯಾದೆಗೆ ತಕ್ಕಂತೆ ಮೊದಲ ಸಾಲಿನ ನಟ್ಟನಡುವೆ ಚಾಪೆ ಹಾಸಿದೆ. ಹೆಂಗಸರು ಪಕ್ಕದ ಗೋಡೆಯುದ್ದಕ್ಕೂ ಕೂತರು. ನನ್ನ ಹಿಂದೆ, ನಮ್ಮ ಟೊಮೆಟೊ ತೋಟದಲ್ಲಿ ಕೂಲಿ ಮಾಡುತ್ತಲೇ ಮುದುಕನಾದ, ಅದೇ ಕಾಲೋನಿಯ ಮುನಿವೆಂಕಟಪ್ಪ. ಕೊನೆಗೆ ಶವಾಸನ: ಟೀಚರ್ ಕಡೆ ಕಾಲು ಚಾಚಿ ಅಂಗಾತ ಮಲಗಬೇಕು. ಮಲಗಿದೆ. ಅನುಮಾನ ಬಂದು ಒಂದು ಕಣ್ಣು ತೆರೆದು ಹಿಂದಕ್ಕೆ ನೋಡಿದರೆ, ನನ್ನ ತಲೆಗೆ ಗೇಣು ದೂರದಲ್ಲಿ ಮುನಿವೆಂಕಟಪ್ಪನ ಎರಡು ಪಾದ!

ಇದೇ ಆ ಬ್ಯಾನರಿನ ಸಂಚು ಎಂದು ಖಚಿತವಾಯಿತು. ಮೊದಲ ಸಾಲನ್ನು ಆರಿಸಿಕೊಂಡವನು ನಾನೇ ಎಂಬುದು ಆಗ ಹೊಳೆಯಲಿಲ್ಲ.

ಮರುದಿನ ಉಪಾಯವಾಗಿ ತಿರುಗಿ ಮಲಗಿದೆ. ತಲೆ ಸೀದಾ ಗೌತಮಿಯ ಕಾಲ ಬಳಿ ಹೋಯಿತು. ಅದರ ಮರುದಿನ ಹೆಂಗಸರ ಕಡೆ ತಲೆಯಿಟ್ಟು ಅಡ್ಡಡ್ಡ ಮಲಗಿದೆ. ನೆತ್ತಿಗೆ ಏನೋ ತಣ್ಣಗೆ ತಾಗಿತು. ಕಾಲುಂಗುರ. ಹೆಂಡತಿಯದು.

"ಏನ್ರೀ, ದೀರ್ಘಾಯುಷ್ಮಾನ್‌ಭವ ಅನ್ಲಾ?" ಎಂದಳು.

ಮಲಗಿದ್ದ ಶವಗಳೆಲ್ಲ ಎದ್ದು ಕೂತು ನಕ್ಕವು.

ಕೊನೆಯ ಸಾಲಿನಲ್ಲಾದರೆ ತಲೆಯ ಹಿಂದೆ ಬರೀ ಗೋಡೆ ಎಂದು ಲೆಕ್ಕ ಹಾಕಿ, ಮಾರನೆಯ ದಿನ ಬೇಗ ಓಡಿದೆ. ಕೊನೆಯ ಸಾಲು ಭರ್ತಿ! ನಮ್ಮಣ್ಣ, ಪಂಚಾಯ್ತಿ ಮೆಂಬರು, ನಮ್ಮವರೆಲ್ಲ ನನಗಿಂತ ಮೊದಲೇ ಅದೇ ಲೆಕ್ಕ ಹಾಕಿ ಗೋಡೆಗೆ ಅಂಟಿಕೊಂಡಿದ್ದರು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಖಾಲಿಯಿದ್ದದ್ದು ಮುನಿವೆಂಕಟಪ್ಪನ ಮುಂದಿನ ಜಾಗವೊಂದೇ. ಮನೆಗೆ ಹೋಗೋಣವೆಂದರೆ ಆಪರೇಷನ್. ಚಾಪೆ ಹಾಸಿದೆ.

"ಗೌಡ್ರೇ, ನಾನು ಕಾಲು ಮಡ್ಚ್ಕೊಂತೀನಿ ಬಿಡಿ" ಎಂದ ಮುನಿವೆಂಕಟಪ್ಪ, ಮೆಲ್ಲಗೆ.

ಗೌತಮಿ ಬಂದು ಅವನ ಪಕ್ಕ ಕೂತಳು. "ಬೇಡ ದೊಡ್ಡಪ್ಪ. ಇವರ ಮುಂದೆ ಮಡಚಿ ಮಡಚಿಯೇ ನಿನ್ನ ಮಂಡಿ ಹೋಗಿರೋದು. ಕಾಲು ನೀಡ್ಕೊ."

ನನಗೆ ನಾಚಿಕೆಯಾಯಿತು, ನಿಜವಾಗಿಯೂ. ನಮ್ಮ ಜಗಲಿಯ ಕೆಳಗೆ ಅವನು ಕುಕ್ಕರಗಾಲಲ್ಲಿ ಕೂತಿರುವುದನ್ನು ನೋಡುತ್ತಲೇ ಬೆಳೆದವನು ನಾನು. ನೀಡಿಕೊಳ್ಳಪ್ಪ ಎಂದೆ. ಅವನು ಒಂದು ಕಾಲು ಚಾಚಿದ. ನನ್ನ ಮುಖವನ್ನು ಅನುಮಾನದಿಂದ ನೋಡಿದ. ಆಮೇಲೆ ಇನ್ನೊಂದನ್ನೂ ಚಾಚಿದ.

ನಾನೂ ಮಲಗಿದೆ. ಸೊಂಟ ಸಡಿಲವಾಗಿ, ಎಷ್ಟೋ ತಿಂಗಳ ಮೇಲೆ ಗಾಢ ನಿದ್ದೆ ಬಂತು. ಭವನ ನಡುಗುವಷ್ಟು ಗೊರಕೆಯಂತೆ. ಕೊನೆಗೆ ಮುನಿವೆಂಕಟಪ್ಪನೇ ನನ್ನ ತಲೆ ತಟ್ಟಿ ಎಬ್ಬಿಸಿದನಂತೆ. ಕೈಯಲ್ಲೋ, ಕಾಲಲ್ಲೋ? ಹೆಂಡತಿ ನೋಡಿದ್ದಾಳೆ. ಕೇಳುವ ಧೈರ್ಯ ನನಗಿಲ್ಲ.