ಗರಾಜಿನಲ್ಲಿ ಕುದುರೆ

ಬಂದೂಕನ್ನು ಒಂದು ಸಲವೂ ಕೈಯಲ್ಲಿ ಹಿಡಿಯದೆ ಬಂದೂಕು ರಿಪೇರಿ ಮಾಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ಮನೆಯಲ್ಲಿ ಜೇಡ ಕಂಡರೆ ಪೇಪರಿನ ಮೇಲೆ ಹತ್ತಿಸಿಕೊಂಡು, "ಬಾರಪ್ಪ, ಬಾ" ಎಂದು ಹಿತ್ತಿಲಿಗೆ ಬಿಟ್ಟು ಬರುವ ಮನುಷ್ಯ.

ಇದು ತೊಂಬತ್ತರ ದಶಕದ ಮಾತು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಅರ್ಧ ಆಯುಷ್ಯ, ಕಡಲಾಚೆಯ ಈ ದೇಶದಲ್ಲಿ ಉಳಿದರ್ಧ ಸವೆಸಿ ಮಾವ ವಿಟ್ಬಿ ಎಂಬ ಊರಿನಲ್ಲಿ ನಿವೃತ್ತರಾಗಿದ್ದರು. ಪಕ್ಕದ ಮನೆಯ ಬಿಳಿಗಡ್ಡದ ಮುದುಕ ಜಿಂಕೆ ಬೇಟೆಗಾರ. ಅವನ ಹತ್ತಿರ ತಂದೆಯ ಕಾಲದ ಬಂದೂಕೊಂದಿತ್ತು, ಕೆಳಗಿನ ಲಿವರನ್ನು ಎಳೆದು ಗುಂಡು ಏರಿಸುವ ಜಾತಿಯದು. ಅದರ ಹ್ಯಾಮರು, ನಮ್ಮ ಕಡೆ ಕುದುರೆ ಎನ್ನುತ್ತಾರಲ್ಲ ಅದು, ಎತ್ತಿ ನಿಲ್ಲಿಸಿದರೆ ನಿಲ್ಲದೆ ಜಾರುತ್ತಿತ್ತು. ಬೇಲಿಯಾಚೆಯಿಂದ ಅವನು ಹೇಳಿದ್ದೇ ತಡ, ಮಾವನ ಕಣ್ಣು ಹೊಳೆಯಿತು. ಅತ್ತೆಯ ಕಣ್ಣು ಕೆಂಪಾಯಿತು.

"ಬಂದೂಕು ನನ್ನ ಹೊಸಿಲು ದಾಟಕೂಡದು, ಹೇಳಿದೀನಿ!"

ಹಾಗಾಗಿ ಟ್ರಿಗರು, ಹ್ಯಾಮರು ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ ಕೂತು ಬಂದವು. ಮಾವ ಭೂತಗನ್ನಡಿ ಹಿಡಿದು, "ಯಾವನೋ ಪುಣ್ಯಾತ್ಮ ಉಜ್ಜಿ ಉಜ್ಜಿ ಇದರ ಗಟ್ಟಿ ಚರ್ಮಾನೇ ಸುಲಿದಿದಾನೆ ಕಣೋ. ಒಳಗೆಲ್ಲ ಮೆತ್ತಗಿದೆ" ಎಂದು ನನಗೆ ಫೋನಿನಲ್ಲಿ ಹೇಳಿದರು. ಮೇಲ್ಪದರ ಮತ್ತೆ ಗಟ್ಟಿಯಾಗಲೆಂದು ಇದ್ದಿಲ ಪುಡಿಯಲ್ಲಿ ಹುಗಿದು, ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿದರು. ಗರಾಜಿನ ತುಂಬ ಹೊಗೆ!

ಅತ್ತೆ ಬಾಗಿಲಿಗೆ ಬಂದರು. "ಅಯ್ಯೋ, ಅದು ನನ್ನ ಕಜ್ಜಾಯದ ಬಾಣಲೆ ಕಣ್ರೀ!"

"ಕಜ್ಜಾಯಕ್ಕೂ ಇದಕ್ಕೂ ಹದಾನೇ ಮುಖ್ಯ ಕಣೇ."

"ಹಾಗಾದ್ರೆ ರಾತ್ರಿಗೆ ಇದನ್ನೇ ತಿನ್ನಿ!"

ಸುದ್ದಿ ಹಬ್ಬಿ ದೂರದ ನ್ಯೂಮಾರ್ಕೆಟ್ ಊರಿನಿಂದಲೂ ಬಿಸ್ಕತ್ತಿನ ಡಬ್ಬಿಗಳು ಬರತೊಡಗಿದವು. ನಾನು ನಾರ್ತ್ ಯಾರ್ಕಿನಿಂದ ಫೋನು ಮಾಡಿ "ಮಾವ ಎಲ್ಲಿ?" ಎಂದರೆ ಅತ್ತೆಯ ಉತ್ತರ ಒಂದೇ: "ಗರಾಜಲ್ಲಿ ಕುದುರೆ ಕಾಯಿಸ್ತಿದಾರೆ."

ಒಂದು ಭಾನುವಾರ ಆ ಕೆಲಸವನ್ನು ಕಣ್ಣಾರೆ ನೋಡಿದೆ. ಎಣ್ಣೆಯಿಂದ ತೆಗೆದ ಕಬ್ಬಿಣ ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಅದನ್ನು ತಿಕ್ಕಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಬಿಸಿ ಮಾಡಬೇಕು. "ಕಲರ್ ನೋಡೋ, ಕಲರ್!" ಎಂದರು ಮಾವ. ಬೆಳ್ಳನೆಯ ಲೋಹದ ಮೇಲೆ ಒಣಹುಲ್ಲಿನ ಹಳದಿ ಹರಿಯಿತು, ಅದರ ಹಿಂದೆ ಜೇನಿನ ಬಣ್ಣ, ಅದರ ಹಿಂದೆ ಕಂದು. ಇನ್ನೇನು ನೇರಳೆ ಇಣುಕಬೇಕು, ಅಷ್ಟರಲ್ಲಿ ಮಾವನ ಚಿಮ್ಮಟ ಎಗರಿ ಅದನ್ನು ಎತ್ತಿಕೊಂಡಿತು! ಒಂದು ಉಸಿರು ಮೊದಲಾದರೆ ಟ್ರಿಗರನ್ನು ಕಚ್ಚಿ ಹಿಡಿಯುವ ಹಲ್ಲು ಮುರಿಯುತ್ತದೆ, ಒಂದು ಉಸಿರು ತಡವಾದರೆ ಸವೆಯುತ್ತದೆ. ನಾನು ಉಸಿರಾಡುವುದನ್ನೇ ಮರೆತು ನಿಂತಿದ್ದೆ.

ಹೀಗೇ ವರ್ಷಗಳು ಕಳೆದವು. ಒಂದು ಶರತ್ಕಾಲದಲ್ಲಿ ಪಕ್ಕದ ಮನೆಯ ಮುದುಕ ಅದೇ ಹ್ಯಾಮರನ್ನು ಮತ್ತೆ ತಂದ. ಸವೆದಿದ್ದನ್ನು ಮಾವ ಹೊಸದಾಗಿ ಹದ ಮಾಡಿಕೊಟ್ಟು ವಾರವೂ ಆಗಿರಲಿಲ್ಲ, ಹಲ್ಲಿನ ಚೂರು ಎಗರಿಹೋಗಿತ್ತು. ಟ್ರಿಗರು ಮುಟ್ಟದೆಯೇ ಹ್ಯಾಮರು ಬಿದ್ದಿತ್ತಂತೆ. ಪುಣ್ಯಕ್ಕೆ ಬಂದೂಕು ಖಾಲಿ.

"ಗುಂಡಿದ್ದಿದ್ರೆ?" ಎಂದವರೇ ಮಾವ ಹ್ಯಾಮರನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಆಮೇಲೆ ನಿಜ ಹೊರಬಿತ್ತು. ಕಣ್ಣಿಗೆ ಪೊರೆ ಬಂದು ಎಲ್ಲವೂ ಹಳದಿಯಾಗಿ ಕಾಣುತ್ತಿತ್ತು. ಬರೀ ಒಣಹುಲ್ಲಿನ ಬಣ್ಣಕ್ಕೇ ಕಂದು ಬಂತೆಂದು ತೆಗೆದುಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. "ಇನ್ನು ನನ್ನ ಕೈಲಾಗಲ್ಲ, ಸಾರಿ" ಎಂದು ಮುದುಕನಿಗೆ ಹೇಳಿದರು. ಆ ದಿನ ಊಟವನ್ನೂ ಮಾಡಲಿಲ್ಲ.

ಸುದ್ದಿ ಕೇಳಿ ನಾನು ರಾತ್ರಿಯೇ ವಿಟ್ಬಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಅತ್ತೆಯೇ ಗರಾಜಿನ ಬಾಗಿಲು ತೆರೆದರು. "ಏಳ್ರೀ. ಆ ಹಲ್ಲು ತಿದ್ದಿ, ಒಲೆ ಹಚ್ಚಿ. ಬಣ್ಣ ನಾನು ಹೇಳ್ತೀನಿ."

"ನಿಂಗೇನೇ ಗೊತ್ತು?"

"ಇಷ್ಟು ವರ್ಷ ಬಾಗಿಲಲ್ಲಿ ನಿಂತು ಬೈದೆನಲ್ಲ, ಕಣ್ಣು ಮುಚ್ಕೊಂಡಾ ಬೈತಿದ್ದೆ?"

ಮಾವ ಅರ ಹಿಡಿದು ಕೂತರು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಸಿದ್ಧವಾಯಿತು, ಕಾಯಿತು, ಎಣ್ಣೆಗೆ ಬಿತ್ತು, ಬೆಳ್ಳಗಾಗಿ ಮತ್ತೆ ಬೆಂಕಿಗೆ ಬಂತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದರು.

"ಹುಲ್ಲು... ಇನ್ನೂ ಹುಲ್ಲೇ... ತಡೀರಿ, ಅವಸರ ಮಾಡ್ಬೇಡಿ... ಜೇನು ಬಂತು..."

ಆ ಹ್ಯಾಮರು ಮತ್ತೆಂದೂ ಜಾರಲಿಲ್ಲ. ಆದರೆ ನನಗೆ ನೆನಪಿರುವುದು ಅದಲ್ಲ. "ಈಗ ತೆಗೀರಿ!" ಎಂದು ಅತ್ತೆ ಕೂಗಿದಾಗ ಮಾವನ ಚಿಮ್ಮಟ ತಕ್ಷಣ ಎದ್ದಿತು, ಅವರು ಮಾತ್ರ ಕಬ್ಬಿಣದ ಕಡೆ ನೋಡುತ್ತಲೇ ಇರಲಿಲ್ಲ. ಬೆಂಕಿಯ ಬೆಳಕು ಬಿದ್ದ ಅತ್ತೆಯ ಮುಖವನ್ನೇ ನೋಡುತ್ತಿದ್ದರು.