ಗೋಡೆಯ ಮೇಲಿನ ತಂತಿಯೂ ನನ್ನ ಅರ್ಜಿಯೂ

ನಮ್ಮ ಅಧಿಕಾರ ಎಲ್ಲಿಯವರೆಗೆ ಉಂಟು ಎಂದು ತಿಳಿಯಬೇಕಾದರೆ ಅದನ್ನು ಒಮ್ಮೆ ಚಲಾಯಿಸಿ ನೋಡಬೇಕು. ಇವತ್ತು ಹುಳಿಗೆ ಯಾವ ತರಕಾರಿ ಎಂದು ತೀರ್ಮಾನಿಸುವ ಪೂರ್ಣ ಅಧಿಕಾರ ನಮ್ಮ ಮನೆಯಲ್ಲಿ ನನ್ನದು. ಇವರು ಪೇಟೆಯಿಂದ ಸೌತೆಕಾಯಿ ಮಾತ್ರ ತಂದಿದ್ದರೆ ನಾನೂ ಸೌತೆಕಾಯಿ ಎಂದೇ ತೀರ್ಮಾನಿಸುತ್ತೇನೆ. ಅಷ್ಟಾದರೂ ನಡೆಯುತ್ತದಲ್ಲ, ದೇವರ ದಯೆ. ನಮ್ಮ ಗ್ರಾಮ ಪಂಚಾಯತಿನ ಅಧಿಕಾರವೂ ಇದೇ ಜಾತಿಯದ್ದು ಎಂದು ಗೊತ್ತಾದದ್ದು ವನಜಕ್ಕನ ಮನೆಗೆ ಕರೆಂಟ್ ಬೇಲಿ ಬಂದ ವರ್ಷ.

ಕಾಪುವಿನ ಹತ್ತಿರ ನಮ್ಮದೂ ವನಜಕ್ಕನದೂ ಅಕ್ಕಪಕ್ಕದ ಮನೆ. ನಡುವೆ ಎದೆಮಟ್ಟದ ಗೋಡೆ. ಹದಿನೈದು ವರ್ಷದ ಸ್ನೇಹವೆಲ್ಲ ಆ ಗೋಡೆಯ ಮೇಲೆಯೇ ನಡೆದದ್ದು. ಪೂಜೆ ಮುಗಿಸಿ ನಾನು ಹಿತ್ತಲಿಗೆ ಬಂದು ಪಾತ್ರೆ ಕುಟ್ಟಿದರೆ ಅವರು ಬರುತ್ತಿದ್ದರು. ಮಟ್ಟುಗುಳ್ಳ ಬದನೆಯ ಹುಳಿ ಆಚೆ ಹೋಗುತ್ತಿತ್ತು, ಕೆಸುವಿನ ಎಲೆಯ ಪತ್ರೊಡೆ ಈಚೆ ಬರುತ್ತಿತ್ತು. ಪಾತ್ರೆಯನ್ನು ಖಾಲಿ ಹಿಂದೆ ಕೊಡಬಾರದು ಎಂಬ ಪದ್ಧತಿ ಇರುವುದರಿಂದ ಇದು ಮುಗಿಯುವ ಪ್ರಶ್ನೆಯೇ ಇರಲಿಲ್ಲ. ಗೇಟಿನಿಂದ ಹೋಗುವುದು ಬೇರೆ ವಿಷಯ. ಅದಕ್ಕೆ ಸೀರೆ ಬದಲಾಯಿಸಬೇಕು, ಕೂತು ಶರಬತ್ತು ಕುಡಿಯಬೇಕು, ಹೊರಡುವಾಗ ಕುಂಕುಮ ಇಟ್ಟುಕೊಳ್ಳಬೇಕು. ನವರಾತ್ರಿಗೊಮ್ಮೆ ಹೋದರೆ ಹೋದೆ.

ವನಜಕ್ಕನ ಯಜಮಾನರು ದುಬೈ ಬಿಟ್ಟು ಬಂದು ಆರು ತಿಂಗಳಾಗಿತ್ತು. ಅವರ ಹಿತ್ತಲಿನ ತಾಮ್ರದ ಹಂಡೆ ಕಳವಾಯಿತು. ಮುಂದಿನ ವಾರವೇ ಗೋಡೆಯ ಮೇಲೆ ಐದು ಸಾಲು ತಂತಿ, ಒಳಗೆ ಬ್ಯಾಟರಿ, ಹೊರಗೆ ತಲೆಬುರುಡೆಯ ಹಳದಿ ಬೋರ್ಡು. ಮುಟ್ಟಿದರೆ ಸಾಯುವುದಿಲ್ಲವಂತೆ, ಹಾರಿ ಬೀಳುವುದು ಮಾತ್ರವಂತೆ. ನಮ್ಮ ಹಾಲಿಗೆ ಬಾಯಿ ಹಾಕುತ್ತಿದ್ದ ಬೆಕ್ಕು ಆ ದಾರಿ ಬಿಟ್ಟಿತು, ಅದೂ ದೇವರ ದಯೆಯೇ. ಆದರೆ ವನಜಕ್ಕನೂ ಗೋಡೆಯ ಹತ್ತಿರ ಬರುವುದನ್ನು ಬಿಟ್ಟರು. ಅವರ ಸ್ಟೀಲಿನ ಡಬ್ಬಿಯೊಂದು ನನ್ನಲ್ಲೇ ಉಳಿಯಿತು. ದಿನಾ ಅದನ್ನು ತೊಳೆದು ಮತ್ತೆ ಅಲ್ಲಿಯೇ ಇಡುತ್ತಿದ್ದೆ.

ಆಗಲಾದರೂ ಗೇಟಿಗೆ ಹೋಗಬೇಕಿತ್ತು. ನಾನು ಗ್ರಾಮಸಭೆಗೆ ಹೋದೆ. ಸಣ್ಣ ಮಕ್ಕಳಿಗೂ ದನಕರುಗಳಿಗೂ ಅಪಾಯ ಎಂದು ಅರ್ಜಿ ಬರೆದು, ಎದ್ದು ನಿಂತು ಓದಿದೆ. ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಲ್ಲ, ದನವಂತೂ ಇಲ್ಲವೇ ಇಲ್ಲ. ಹುಳಿ ದಾಟಿಸಲು ಆಗುವುದಿಲ್ಲ ಎಂದು ಸರಕಾರಕ್ಕೆ ಬರೆಯುವುದು ಹೇಗೆ? ಜನ ಚಪ್ಪಾಳೆ ತಟ್ಟಿದರು. ಗ್ರಾಮದಲ್ಲಿ ಯಾರೂ ಕರೆಂಟ್ ಬೇಲಿ ಹಾಕಬಾರದು ಎಂದು ನಿರ್ಣಯವೇ ಆಯಿತು. ನಾನು ದೇವರಿಗೆ ತುಪ್ಪದ ದೀಪ ಇಟ್ಟೆ.

ತಿಂಗಳಾಗುವಾಗ ಪಂಚಾಯತಿನ ಕಾರ್ಯದರ್ಶಿ ರಸ್ತೆಯಲ್ಲಿ ಸಿಕ್ಕಿದರು.

"ಅಕ್ಕ, ಮೇಲಿನಿಂದ ಪತ್ರ ಬಂದಿದೆ. ರಾಜ್ಯದ ನಿಯಮದಂತೆ ಹಾಕಿದ ಬೇಲಿಯನ್ನು ಪಂಚಾಯತು ಬೇಡ ಎನ್ನುವ ಹಾಗಿಲ್ಲವಂತೆ."

"ಮತ್ತೆ ನೀವು ಎಂತ ಮಾಡಬಹುದು?"

"ಬೋರ್ಡು ಉಂಟೋ ಇಲ್ಲವೋ ನೋಡಬಹುದು."

"ಬೋರ್ಡು ಉಂಟಲ್ಲ."

"ಹಾಗಾದರೆ ನೋಡಿ ಆಯಿತು," ಎಂದು ಅವರು ಸೈಕಲ್ ಹತ್ತಿದರು.

ಕೊನೆಗೆ ಡಬ್ಬಿಗೆ ಗುಳ್ಳದ ಹುಳಿ ತುಂಬಿಸಿ, ಸೀರೆ ಬದಲಾಯಿಸಿ, ಗೇಟಿನಿಂದ ಹೋದೆ. ವನಜಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಪಂಚಾಯತಿಗೆ ಹೋಗುವ ದಾರಿ ಗೊತ್ತುಂಟು ನಿನಗೆ, ನನ್ನ ಮನೆಯದ್ದು ಗೊತ್ತಿಲ್ಲ ಅಲ್ವಾ?"

ನಾನು ಡಬ್ಬಿಯನ್ನು ಮುಂದೆ ಚಾಚಿದೆ.

"ಆ ತಂತಿ ನನಗೂ ಬೇಡವಿತ್ತು ಮಾರಾಯ್ತಿ. ದಿನಾ ಹೇಳಿ ಹೇಳಿ ಇವರನ್ನು ಒಪ್ಪಿಸಿಯೂ ಆಗಿತ್ತು, ಆ ಭಾನುವಾರ ಬಿಚ್ಚಿಸುವುದೆಂದು. ಶನಿವಾರ ನೀನು ಸಭೆಯಲ್ಲಿ ಭಾಷಣ ಮಾಡಿದೆ. ಇನ್ನು ಸತ್ತರೂ ತೆಗೆಯುವುದಿಲ್ಲ ಎಂದು ಇವರಿಗೆ ಹಠ ಬಂತು. ಮೇಲಿನಿಂದ ಬಂದ ಆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸುತ್ತಾರಂತೆ!"

ಹೇಳುತ್ತಾ ಅವರಿಗೇ ನಗು ಬಂತು. ನನಗೆ ಅಳು ಬಂತು. "ಒಳಗೆ ಬಾ, ಹುಳಿ ತಣಿಯುತ್ತದೆ," ಎಂದರು.

ಈಗ ಗೇಟಿನಿಂದಲೇ ಹೋಗುತ್ತೇನೆ, ಉಟ್ಟ ಸೀರೆಯಲ್ಲೇ. ಹದಿನೈದು ವರ್ಷ ನಿಂತೇ ಮಾತಾಡಿದವರು ಕೂತು ಮಾತಾಡುತ್ತೇವೆ. ನನ್ನ ಮೊಣಕಾಲಿಗೆ ಇದು ದೊಡ್ಡ ಉಪಕಾರ. ಮೊನ್ನೆ ಅವರ ಯಜಮಾನರು ಗೇಟಿಗೂ ಬೀಗ ತಂದರು ಎಂದು ಕೇಳಿದೆ. ಓಡಿ ಹೋದರೆ, ನನಗೆಂದು ಒಂದು ಕೀಲಿಕೈಯನ್ನು ವನಜಕ್ಕ ಆಗಲೇ ತೆಗೆದಿಟ್ಟಿದ್ದರು. ಓಡುವ ಮೊದಲು ಬಿಳಿ ಹಾಳೆ ತೆಗೆದು ನಾನು ಅರ್ಧ ಅರ್ಜಿ ಬರೆದಾಗಿತ್ತು ಎಂಬುದನ್ನು ಅವರಿಗೆ ಇನ್ನೂ ಹೇಳಿಲ್ಲ.